ದೇವಸ್ಥಾನದವರಿಗೆ ಬಾಡಿಗೆ ಮನೆ ಉಸಾಬರಿ ಯಾಕೆ ಅಂದವರಿಗೆ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಓದುಗರ ಅಂಕಣದಲ್ಲಿ ಒಬ್ಬರು ಬರೆದಿದ್ದರು. ಬಾಡಿಗೆಗೆ ಮನೆ ಕೇಳಿದರೆ ಜಾತಿ ಕೇಳ್ತಾರೆ ಅನ್ನೋದು ನಿಜವೇ, ಆದರೆ ಅದಕ್ಕೆ ಮಠ, ದೇವಸ್ಥಾನ, ಚರ್ಚು, ಮಸೀದಿಗಳನ್ನು ಯಾಕೆ ಎಳೆಯಬೇಕು, ಅವರು ಪೂಜೆ ಪ್ರಾರ್ಥನೆ ನೋಡಿಕೊಂಡಿರಲಿ, ಇದು ಸರ್ಕಾರದ ಕೆಲಸ ಅಂತ. ಮೊದಲ ಸಲ ಓದಿದಾಗ ಸರಿಯಾಗೇ ಹೇಳಿದ್ದಾರೆ ಅನ್ನಿಸಿತು. ಎರಡನೇ ಸಲ ಓದಿದ ಮೇಲೆ ಸುಮ್ನೆ ಕೂರೋಕೆ ಆಗಲಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಬಹುದು, ಕತ್ತರಿ ಹಾಕುವ ಹಕ್ಕು ನಿಮ್ಮದು.

ನಾನು ಇಪ್ಪತ್ತು ವರ್ಷಕ್ಕೂ ಜಾಸ್ತಿ ಅಮೆರಿಕದ ಮಿಲ್ವಾಕಿಯಲ್ಲಿದ್ದೆ. ಅಲ್ಲೊಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಈಗ ಮೈಸೂರಿನಲ್ಲಿ ನಮ್ಮದೇ ಮನೆ, ಮೇಲೊಂದು ಬಾಡಿಗೆ ಮನೆ, ಕೆಳಗೆ ನಾನು ಮತ್ತು ನಮ್ಮ ಅತ್ತಿಗೆ. ಮಿಲ್ವಾಕಿ ಅಂದರೆ ಚಿಕಾಗೋದಿಂದ ಒಂದೂವರೆ ಗಂಟೆ ದಾರಿ, ದೊಡ್ಡ ಕೆರೆ ಪಕ್ಕದ ಊರು. ಕೆರೆ ಅಂದರೆ ನಮ್ಮ ಕುಕ್ಕರಹಳ್ಳಿ ಕೆರೆ ಅಲ್ಲ, ಆಚೆ ದಡ ಕಾಣದಂಥದ್ದು.

ಆ ಊರಿನ ನಡುವೆ ಒಂದು ತಗ್ಗು. ಅದರಲ್ಲಿ ಮೆನಾಮನಿ ಅನ್ನೋ ಹೊಳೆ, ಕಾರ್ಖಾನೆಗಳು, ರೈಲು ಹಳಿಗಳು. ಅದರ ಮೇಲೆ ಹದಿನಾರನೇ ಬೀದಿಯ ಉದ್ದನೆಯ ಸೇತುವೆ. ಉತ್ತರಕ್ಕೆ ಕಪ್ಪು ಜನ, ದಕ್ಷಿಣಕ್ಕೆ ಬಿಳಿಯರು, ಅದರಲ್ಲೂ ಪೋಲೆಂಡಿನಿಂದ ಬಂದವರ ಮಕ್ಕಳು ಮೊಮ್ಮಕ್ಕಳು. ಇದು ಪ್ರಪಂಚದ ಅತಿ ಉದ್ದದ ಸೇತುವೆ, ಆಫ್ರಿಕಾದಿಂದ ಪೋಲೆಂಡಿಗೆ ಹೋಗುತ್ತೆ ಅಂತ ಅಲ್ಲಿನವರು ತಮಾಷೆ ಮಾಡುತ್ತಿದ್ದರಂತೆ. ತಮಾಷೆಯೇನೋ ಸರಿ, ಆದರೆ ಉತ್ತರದ ಕಪ್ಪು ಕುಟುಂಬವೊಂದು ಕೈಯಲ್ಲಿ ದುಡ್ಡು ಹಿಡಿದುಕೊಂಡು ಹೋದರೂ ದಕ್ಷಿಣದಲ್ಲಿ ಮನೆ ಕೊಡುತ್ತಿರಲಿಲ್ಲ. ಕೊಡಲ್ಲ ಅಂತ ಬಾಯಿಬಿಟ್ಟು ಹೇಳಿದರೂ ಅದು ತಪ್ಪಲ್ಲ, ಯಾಕೆಂದರೆ ಅದನ್ನು ತಡೆಯುವ ಕಾನೂನೇ ನಗರದಲ್ಲಿರಲಿಲ್ಲ.

ಕಾನೂನು ತರೋಕೆ ಒಬ್ಬ ಹೆಣ್ಣುಮಗಳು ಹೊರಟಿದ್ದಳು. ವೆಲ್ ಫಿಲಿಪ್ಸ್. ಆ ನಗರಸಭೆಗೆ ಆಯ್ಕೆಯಾದ ಮೊದಲ ಹೆಂಗಸೂ ಅವಳೇ, ಮೊದಲ ಕಪ್ಪು ಸದಸ್ಯೆಯೂ ಅವಳೇ. 1962ರಲ್ಲಿ ಮಸೂದೆ ಮಂಡಿಸಿದಳು. ಅದರ ವಿರುದ್ಧ 18 ಮತ, ಪರವಾಗಿ 1. ಆ ಒಂದು ಅವಳದೇ. ಮತ್ತೆ ಮಂಡಿಸಿದಳು, ಮತ್ತೆ 18ಕ್ಕೆ 1. ಹೀಗೆ ನಾಲ್ಕು ಸಲ. ಸರ್ಕಾರ ನೋಡಿಕೊಳ್ಳಲಿ ಅಂದರಲ್ಲ ನಿಮ್ಮ ಓದುಗರು, ಅಲ್ಲೂ ಸರ್ಕಾರಕ್ಕೇ ಬಿಟ್ಟಿದ್ದರು. ಐದು ವರ್ಷ ಕಳೆದರೂ ಆ 18ರಲ್ಲಿ ಒಬ್ಬನೂ ಅಲ್ಲಾಡಲಿಲ್ಲ.

ಆಮೇಲೆ ಈ ವಿಷಯಕ್ಕೆ ಕೈ ಹಾಕಿದ್ದು ಒಬ್ಬ ಪಾದ್ರಿ. ಹೆಸರು ಜೇಮ್ಸ್ ಗ್ರಾಪಿ. ಬಿಳಿಯ, ಇಟಲಿ ಮೂಲದವರು, ಅಪ್ಪ ಅದೇ ಊರಿನ ದಕ್ಷಿಣ ಭಾಗದಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದವರು. ಉತ್ತರದ ಸೇಂಟ್ ಬೋನಿಫೇಸ್ ಅನ್ನೋ ಕ್ಯಾಥೊಲಿಕ್ ಚರ್ಚಿನಲ್ಲಿ ಇವರ ಸೇವೆ, ಜೊತೆಗೆ ಕಪ್ಪು ಜನರ ಹಕ್ಕಿಗಾಗಿ ಹೋರಾಡುವ ಎನ್‌ಎಎಸಿಪಿ ಸಂಘಟನೆಯ ಹುಡುಗರ ಘಟಕಕ್ಕೆ ಸಲಹೆಗಾರ. 1967ರ ಆಗಸ್ಟ್ 28ರಂದು ಇವರು ಆ ಹುಡುಗ ಹುಡುಗಿಯರ ಜೊತೆ ಸೇತುವೆ ದಾಟಿ ದಕ್ಷಿಣಕ್ಕೆ ಮೆರವಣಿಗೆ ಹೋದರು. ಸುಮಾರು 200 ಜನ. ಆಚೆ ತುದಿಯಲ್ಲಿ ಸಾವಿರಾರು ಬಿಳಿಯರು ಕಾಯುತ್ತಿದ್ದರು. ಬೈಗುಳ, ಬಾಟಲಿ, ಕಲ್ಲು ಎಲ್ಲಾ ಬಿತ್ತು. ಮಾರನೇ ದಿನ ಮತ್ತೆ ಹೋದರೆ ಎದುರಿಗೆ ಹದಿಮೂರು ಸಾವಿರ ಜನ. ಅವತ್ತು ರಾತ್ರಿಯೇ ಹುಡುಗರ ಘಟಕದ ಕಚೇರಿ ಸುಟ್ಟುಹೋಯಿತು. ಮೇಯರ್ ರಾತ್ರಿ ಮೆರವಣಿಗೆಗೆ ನಿಷೇಧ ಹಾಕಿದರು. ಪಾದ್ರಿಯನ್ನೂ ಹಿಡಿದರು, ವೆಲ್ ಫಿಲಿಪ್ಸ್‌ರನ್ನೂ ಹಿಡಿದರು.

ಬಿಟ್ಟ ಮೇಲೆ ಏನು ಮಾಡಿದರು ಅಂತೀರಿ? ಮತ್ತೆ ನಡೆದರು. ದಿನಾ. ಒಟ್ಟು 200 ದಿನ, ಒಂದು ದಿನವೂ ತಪ್ಪಿಸದೆ, 1968ರ ಮಾರ್ಚ್ 14ರ ತನಕ. ಮಿಲ್ವಾಕಿಯ ಜನವರಿ ನೋಡದವರಿಗೆ ಇದರ ಅರ್ಥ ಆಗಲ್ಲ. ಸೊನ್ನೆಗಿಂತ ಹತ್ತು ಹದಿನೈದು ಡಿಗ್ರಿ ಕೆಳಗೆ, ಕೆರೆ ಕಡೆಯಿಂದ ಬೀಸುವ ಗಾಳಿ, ಸೇತುವೆ ಮೇಲೆ ಮರೆ ಅಂತ ಏನೂ ಇಲ್ಲ. ನನ್ನ ಜೊತೆ ಲ್ಯಾಬಿನಲ್ಲಿದ್ದ ಒಬ್ಬ ಕಪ್ಪು ಹೆಂಗಸು, ನನಗಿಂತ ಹತ್ತು ವರ್ಷ ದೊಡ್ಡವರು, ಹದಿನಾಲ್ಕನೇ ವಯಸ್ಸಿನಲ್ಲಿ ಆ ಮೆರವಣಿಗೆಯಲ್ಲಿ ನಡೆದವರು. ಎರಡು ಜೊತೆ ಕಾಲುಚೀಲ, ಅದರ ನಡುವೆ ಬ್ರೆಡ್ಡಿನ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಹೋಗುತ್ತಿದ್ದೆವು ಅಂತ ಹೇಳಿದ್ದರು. ಹಿಮದ ನೀರು ಒಳಗೆ ಇಳಿಯದ ಹಾಗೆ. ಮನೆಗೆ ಬಂದಾಗ ಅಮ್ಮ ಆ ಕವರನ್ನು ತೊಳೆದು ಒಲೆ ಹತ್ತಿರ ಒಣಗಲು ಹಾಕುತ್ತಿದ್ದರಂತೆ, ನಾಳೆಗೆ ಬೇಕಲ್ಲ ಅಂತ. ಭಾಷಣ, ಘೋಷಣೆ ಯಾವುದೂ ಅವರಿಗೆ ಅಷ್ಟಾಗಿ ನೆನಪಿರಲಿಲ್ಲ. ಕವರ್ ನೆನಪಿತ್ತು.

ಈಗ ನನ್ನ ಮಾತಿಗೆ ಬರುತ್ತೇನೆ. ಇಲ್ಲಿ ಒಂದು ವಿಷಯ ಸುಲಭವಾಗಿ ಕಣ್ಣು ತಪ್ಪುತ್ತೆ. ಸೇತುವೆಯ ಆಚೆ ತುದಿಯಲ್ಲಿ ಕಲ್ಲು ಹಿಡಿದು ನಿಂತಿದ್ದವರು ಯಾರು? ಅವರಲ್ಲೂ ಬಹಳ ಜನ ಕ್ಯಾಥೊಲಿಕರೇ. ಭಾನುವಾರ ಅದೇ ಪೂಜೆಗೆ ಹೋಗುವವರು, ಪಾದ್ರಿ ಕೈಯಿಂದ ಅದೇ ಪ್ರಸಾದ ತೆಗೆದುಕೊಳ್ಳುವವರು. ಈ ಪಾದ್ರಿಯನ್ನು ತೆಗೆದುಹಾಕಿ ಅಂತ ಅವರು ಆರ್ಚ್‌ಬಿಷಪ್ಪರ ಮೇಲೆ, ಅಂದರೆ ಅಲ್ಲಿನ ಪಾದ್ರಿಗಳಿಗೆಲ್ಲ ಮೇಲಿನವರ ಮೇಲೆ, ಇನ್ನಿಲ್ಲದ ಒತ್ತಡ ತಂದರು. ಆರ್ಚ್‌ಬಿಷಪ್ ತೆಗೆಯಲಿಲ್ಲ. ಅಂದರೆ ಇದು ಒಂದು ಧರ್ಮದವರು ಇನ್ನೊಂದು ಧರ್ಮದವರಿಗೆ ಬುದ್ಧಿ ಹೇಳಿದ ಕಥೆಯೇ ಅಲ್ಲ. ಒಬ್ಬ ಪಾದ್ರಿ ತನ್ನ ಭಕ್ತರ ಮುಖಕ್ಕೇ ಹೇಳಿದ ಕಥೆ. ನೀವು ಮಾಡ್ತಿರೋದು ಪಾಪ ಅಂತ.

ಅದಕ್ಕೆ ಹಿಂದಿನ ವರ್ಷ, 1966ರಲ್ಲಿ, ಪಕ್ಕದ ಚಿಕಾಗೋದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಇದೇ ಬೇಡಿಕೆ ಇಟ್ಟುಕೊಂಡು ನಡೆದಿದ್ದರು. ಅವರೂ ಪಾದ್ರಿಯೇ ತಾನೇ. ಮಾರ್ಕ್ವೆಟ್ ಪಾರ್ಕಿನಲ್ಲಿ ಅವರಿಗೇ ಕಲ್ಲೇಟು ಬಿತ್ತು. 1968ರ ಏಪ್ರಿಲ್ 4ರಂದು ಅವರ ಕೊಲೆಯಾಯಿತು. ಅಮೆರಿಕದ ಸಂಸತ್ತಿನಲ್ಲಿ ಎಳೆದಾಡುತ್ತಿದ್ದ ಮಸೂದೆ ಏಳೇ ದಿನದಲ್ಲಿ, ಏಪ್ರಿಲ್ 11ಕ್ಕೆ, ಅಧ್ಯಕ್ಷ ಜಾನ್ಸನ್ ಸಹಿ ಬಿದ್ದು ಕಾನೂನಾಯಿತು. ಮನೆ ಮಾರುವಾಗ, ಬಾಡಿಗೆಗೆ ಕೊಡುವಾಗ ಜನಾಂಗ, ಬಣ್ಣ, ಧರ್ಮ, ಹುಟ್ಟಿದ ದೇಶ ನೋಡಬಾರದು ಅಂತ. ಅದೇ ತಿಂಗಳ 30ಕ್ಕೆ ಮಿಲ್ವಾಕಿ ನಗರಸಭೆ ಅದಕ್ಕಿಂತ ಬಿಗಿಯಾದ ಕಾನೂನು ಪಾಸು ಮಾಡಿತು. 18ಕ್ಕೆ 1 ಇದ್ದ ಅದೇ ನಗರಸಭೆ.

ಹುಟ್ಟಿದ ದೇಶ ಅನ್ನೋ ಮಾತಿದೆಯಲ್ಲ, ಅದು ನನ್ನಂಥವರಿಗೂ ತಗಲುತ್ತೆ. 1965ರಲ್ಲಿ ಅಮೆರಿಕ ವಲಸೆ ಕಾನೂನು ಬದಲಾಯಿಸಿತು, ಆಮೇಲೆ ನಮ್ಮ ಕಡೆಯ ಡಾಕ್ಟರು ಇಂಜಿನಿಯರುಗಳು ಹೋದರು, ಅವರ ಹಿಂದೆ ನಾವು ಹೋದೆವು. ಹೋಗಿ ಇಳಿಯೋಕೆ ಮನೆ ಬೇಕಲ್ಲ? 1968ರ ಕಾನೂನು ಇದ್ದದ್ದರಿಂದ ನಮ್ಮ ಮುಖ ನೋಡಿ ಇಲ್ಲ ಅನ್ನೋಕೆ ಓನರುಗಳಿಗೆ ಆಗಲಿಲ್ಲ. ಅದಕ್ಕೂ ಮೊದಲು ಅಮೆರಿಕದ ಪಶ್ಚಿಮದ ಊರುಗಳಲ್ಲಿ ಮನೆಯ ಕ್ರಯಪತ್ರದಲ್ಲೇ ಹಿಂದೂಗಳಿಗೆ ಮಾರಕೂಡದು ಅಂತ ಬರೆದುಬಿಡುತ್ತಿದ್ದರು. ಅವರ ಲೆಕ್ಕದಲ್ಲಿ ಸಿಖ್ಖರೂ ಮುಸ್ಲಿಮರೂ ಸೇರಿ ಇಂಡಿಯಾದವರೆಲ್ಲ ಹಿಂದೂಗಳೇ! ನಾವಿದ್ದ ವಾವಟೋಸಾ ಅನ್ನೋ ಉಪನಗರದ ಒಂದು ಬಡಾವಣೆಗೆ 1919ರಲ್ಲಿ ಹಾಕಿದ ಷರತ್ತು ಹೀಗಿತ್ತು. ಬಿಳಿಯರಲ್ಲದವರು ಇಲ್ಲಿ ಜಾಗ ಕೊಳ್ಳಕೂಡದು, ಬಾಡಿಗೆಗೆ ಇರಕೂಡದು. ಮನೆಗೆಲಸದವರಿಗೆ ಮಾತ್ರ ಇದು ಅನ್ವಯಿಸುವುದಿಲ್ಲ.

ಮನೆಗೆಲಸದವರಿಗೆ ಮಾತ್ರ. ಇದನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

ಹೋದ ವರ್ಷ ನಮ್ಮ ಮೇಲಿನ ಮನೆ ಖಾಲಿಯಾಯಿತು. ಗೇಟಿಗೆ ಟು-ಲೆಟ್ ಬೋರ್ಡ್ ಹಾಕಿದೆವು. ಒಂದು ಭಾನುವಾರ ಗಂಡ ಹೆಂಡತಿ ಬಂದರು. ಆತ ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕು, ಆಕೆಯ ಕಂಕುಳಲ್ಲಿ ಒಂದು ಮಗು. ಆಕೆ ಸೀದಾ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ನೀರಿಗೆ ಕೈ ಒಡ್ಡಿ ನೋಡಿದಳು. ಎಷ್ಟು ದಿನಕ್ಕೆ ಬಿಡ್ತಾರೆ, ಸಂಪು ಎಷ್ಟು ದೊಡ್ಡದು, ಬಟ್ಟೆ ಒಣಹಾಕೋಕೆ ಟೆರೇಸಿಗೆ ಹೋಗಬಹುದಾ, ಎಲ್ಲಾ ಕೇಳಿದಳು. ನನಗೆ ಆ ಹುಡುಗಿ ಇಷ್ಟ ಆದಳು. ಅಡ್ವಾನ್ಸ್ ಮಾತೂ ಆಯಿತು, ಬಾಡಿಗೆ ಮಾತೂ ಆಯಿತು. ನಾನು ಕಾಫಿ ತರೋಕೆ ಕೆಳಗೆ ಬಂದೆ. ತಟ್ಟೆ ಹಿಡಿದು ವಾಪಸ್ ಮೆಟ್ಟಿಲು ಹತ್ತುವಾಗ ಅತ್ತಿಗೆ ಕೇಳ್ತಾ ಇದ್ದರು.

"ನೀವು ಯಾವ ಪೈಕಿ ಅಂತ ಗೊತ್ತಾಗಲಿಲ್ವಲ್ಲ?"

ಆತ ಮುಚ್ಚುಮರೆ ಮಾಡಲಿಲ್ಲ. ಹೇಳಿದ. ಅತ್ತಿಗೆ ಮುಖದಲ್ಲಿ ನಗು ಹಾಗೇ ಇತ್ತು. "ಇನ್ನೊಬ್ಬರು ಅಡ್ವಾನ್ಸ್ ಕೊಡ್ತೀನಿ ಅಂದು ಹೋಗಿದ್ದಾರಪ್ಪ, ಅವರು ಬರಲಿಲ್ಲ ಅಂದ್ರೆ ಫೋನ್ ಮಾಡ್ತೀವಿ" ಅಂದರು. ಯಾರೂ ಬಂದಿರಲಿಲ್ಲ. ಆ ಹುಡುಗಿ ಮಗುವನ್ನು ಈ ಕಂಕುಳಿನಿಂದ ಆ ಕಂಕುಳಿಗೆ ಬದಲಾಯಿಸಿಕೊಂಡಳು ಅಷ್ಟೇ. ಈ ಮಾತು ಅವಳಿಗೆ ಹೊಸದಲ್ಲ ಅಂತ ಅಲ್ಲೇ ಗೊತ್ತಾಯಿತು. ಕಾಫಿ ಬೇಡ ಅಂದು ಹೋದರು. ನಾನು, ಇಪ್ಪತ್ತು ವರ್ಷ ಆ 1968ರ ಕಾನೂನಿನ ನೆರಳಲ್ಲಿ ಬದುಕಿ ಬಂದವಳು, ತಟ್ಟೆ ಹಿಡಿದು ಕಂಬದ ಹಾಗೆ ನಿಂತಿದ್ದೆ.

ಎರಡು ದಿನ ಬಿಟ್ಟು ನಾನೇ ಫೋನ್ ಮಾಡಿದೆ. "ಬೇಡ ಬಿಡಿ ಮೇಡಂ, ಬೇರೆ ಕಡೆ ನೋಡ್ತಿದ್ದೀವಿ" ಅಂದ. ದನಿಯಲ್ಲಿ ಸಿಟ್ಟೂ ಇರಲಿಲ್ಲ.

ಅತ್ತಿಗೆ ಕೆಟ್ಟವರಲ್ಲ ಸ್ವಾಮಿ. ಬೀದಿ ನಾಯಿಗೆ ಅನ್ನ ಹಾಕದೆ ಊಟಕ್ಕೆ ಕೂರದವರು. ನಮ್ಮ ಮನೆಗೆ ಪಾತ್ರೆ ತೊಳೆಯೋಕೆ ಬರುವಾಕೆಯೂ ಅದೇ ಪೈಕಿಯವಳೇ. ದಿನಾ ಬೆಳಿಗ್ಗೆ ಅಡುಗೆಮನೆ ತನಕ ಬರ್ತಾಳೆ, ಅತ್ತಿಗೆಯೇ ಅವಳಿಗೆ ತಿಂಡಿ ಕೊಡ್ತಾರೆ, ಅವಳ ಮಗಳ ಸ್ಕೂಲ್ ಫೀಸಿಗೂ ಕೊಟ್ಟಿದ್ದಾರೆ. ಕೆಲಸಕ್ಕೆ ಬರಬಹುದು, ಬಾಡಿಗೆಗೆ ಬರಬಾರದು. ವಾವಟೋಸಾದವರು ನೂರು ವರ್ಷದ ಹಿಂದೆ ಕಾಗದದ ಮೇಲೆ ಬರೆದದ್ದನ್ನು ನಾವು ಬರೆಯದೇನೇ ನಡೆಸಿಕೊಂಡು ಬಂದಿದ್ದೇವೆ, ಅಲ್ವಾ?

ನಾನು ಅವರ ಜೊತೆ ವಾದ ಮಾಡಿದೆ. ಕಾನೂನು ಹೇಳಿದೆ. ಅಮೆರಿಕದ ಹಾಗೆ ಬಾಡಿಗೆ ಮನೆಗೇ ಅಂತ ಒಂದು ಕಾನೂನು ನಮ್ಮಲ್ಲಿ ಇಲ್ಲ ಅನ್ನಿ. ಸಂವಿಧಾನದ 15ನೇ ವಿಧಿ ಸರ್ಕಾರವನ್ನು ಕಟ್ಟಿಹಾಕುತ್ತೆ, ಅಂಗಡಿ, ಹೋಟೆಲು, ಬಾವಿ, ಕೆರೆಗೂ ಬರುತ್ತೆ, ನಮ್ಮ ಮನೆ ಮಹಡಿ ತನಕ ಹತ್ತಿ ಬರಲ್ಲ. ಒಂದೇ ಸಮುದಾಯದವರಿಗೆ ಮಾತ್ರ ಸದಸ್ಯತ್ವ ಅನ್ನುವ ಒಂದು ಪಾರ್ಸಿ ಗೃಹ ಸಹಕಾರ ಸಂಘದ ನಿಯಮವನ್ನು 2005ರಲ್ಲಿ ಸುಪ್ರೀಂ ಕೋರ್ಟೇ ಎತ್ತಿಹಿಡಿದಿದೆ. ಅಂಬೇಡ್ಕರ್ ಕಥೆ ಹೇಳಿದೆ. 1917ರಲ್ಲಿ ವಿದೇಶದಲ್ಲಿ ಓದಿ ಬಂದು ಬರೋಡಾದಲ್ಲಿ ಕೆಲಸಕ್ಕೆ ಸೇರಿದರೆ ಇರೋಕೆ ಜಾಗ ಸಿಗಲಿಲ್ಲ, ಪಾರ್ಸಿಗಳ ವಸತಿಗೃಹದಲ್ಲಿ ಉಳಿದುಕೊಂಡರೆ ದೊಣ್ಣೆ ಹಿಡಿದು ಬಂದು ಹೊರಡಿಸಿದರು, ಕೊನೆಗೆ ಕೆಲಸವನ್ನೇ ಬಿಟ್ಟು ಹೋದರು. "ಅಯ್ಯೋ ಪಾಪ" ಅಂದರು ಅತ್ತಿಗೆ. ನಿಜವಾಗಿಯೂ ಕಣ್ಣಲ್ಲಿ ನೀರು ಬಂತು. ಆಮೇಲೆ, "ಆದರೆ ಮೇಲ್ಗಡೆ ಮಾಂಸ ಬೇಯಿಸಿದರೆ ಕೆಳಗೆ ದೇವರ ಕೋಣೆ ಇದೆಯಲ್ಲೇ" ಅಂದರು.

ನೋಡಿ, ಮಾತು ದೇವರ ಕೋಣೆಗೆ ಬಂದು ನಿಲ್ಲುತ್ತೆ. ಓನರುಗಳು ಕೊಡುವ ಕಾರಣ ಧರ್ಮದ್ದು. ಮಡಿ, ಮೈಲಿಗೆ, ವಾಸನೆ, ದೇವರು. ಈ ಕಾರಣವನ್ನು ಕಂದಾಯ ಅಧಿಕಾರಿ ಬಂದು ತೆಗೆಯೋಕೆ ಆಗುತ್ತಾ? ನಾನು ಹೇಳಿದರೆ ಅಮೆರಿಕದ ಗಾಳಿ ಅಂತಾರೆ. ಅತ್ತಿಗೆ ಶನಿವಾರ ಶನಿವಾರ ಹೋಗುವ ಭಜನಾ ಮಂಡಳಿಯಲ್ಲಿ, ಅವರು ಕಾಲಿಗೆ ಬೀಳುವ ಸ್ವಾಮಿಗಳು ಒಂದೇ ಒಂದು ಸಲ, ಬಾಡಿಗೆ ಮನೆಗೆ ಜಾತಿ ಕೇಳಬೇಡಿ, ಕೇಳಿದರೆ ದೇವರಿಗೆ ಒಪ್ಪಿಗೆಯಲ್ಲ ಅಂತ ಬಿಡಿಸಿ ಹೇಳಿದ್ದರೆ, ಅವರು ಆ ಪ್ರಶ್ನೆ ಕೇಳುತ್ತಿರಲಿಲ್ಲ. ಇದು ನನಗೆ ಖಾತ್ರಿ. ಅದಕ್ಕೇ ನಿಮ್ಮ ಓದುಗರ ಮಾತನ್ನು ನಾನು ಒಪ್ಪಲ್ಲ.

ಸರ್ವಧರ್ಮ ಸಮ್ಮೇಳನಗಳ ಬಗ್ಗೆ ನಾನು ಹೇಳ್ತಿಲ್ಲ. ವೇದಿಕೆ ಮೇಲೆ ಸ್ವಾಮೀಜಿ, ಫಾದರ್, ಮೌಲ್ವಿ ಸಾಲಾಗಿ ಕೂತು, ಶಾಲು ಹಾಕಿಸಿಕೊಂಡು, ಎಲ್ಲರೂ ಒಂದೇ ಅಂತ ಹೇಳಿ, ಕೆಳಗಿದ್ದವರು ಚಪ್ಪಾಳೆ ತಟ್ಟಿ, ಮನೆಗೆ ಬಂದು ಯಾವ ಪೈಕಿ ಅಂತ ಕೇಳೋದು. ಅದು ಬೇಕಾದಷ್ಟು ಆಗಿದೆ. ತಮ್ಮ ಮಠದಲ್ಲಿ, ತಮ್ಮ ಚರ್ಚಿನಲ್ಲಿ, ತಮ್ಮ ಮಸೀದಿಯಲ್ಲಿ ತಮ್ಮವರಿಗೆ ಹೇಳಬೇಕು. ಯಾಕೆಂದರೆ ಈ ಪ್ರಶ್ನೆ ಕೇಳುವ ಓನರು ಎಲ್ಲ ಕಡೆಯೂ ಇದ್ದಾನೆ. ನಮ್ಮವರಿಗೆ ಮಾತ್ರ ಅನ್ನುವ ಕ್ರಿಶ್ಚಿಯನ್ ಓನರನ್ನೂ ನೋಡಿದ್ದೇನೆ, ಮುಸ್ಲಿಂ ಓನರನ್ನೂ ನೋಡಿದ್ದೇನೆ.

ಹೇಳೋದು ಒಂದು. ಮಾಡೋದು ಇನ್ನೊಂದಿದೆ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಬ್ರೌನ್ಸ್‌ವಿಲ್ ಅಂತ ಒಂದು ಜಾಗ, 1970ರ ದಶಕದಲ್ಲಿ ಹಾಳುಬಿದ್ದು ಬೀದಿಗೆ ಬೀದಿಯೇ ಖಾಲಿಯಾಗಿತ್ತು. ಅಲ್ಲಿನ ಚರ್ಚುಗಳು ಸೇರಿ ಈಸ್ಟ್ ಬ್ರೂಕ್ಲಿನ್ ಕಾಂಗ್ರಿಗೇಷನ್ಸ್ ಅಂತ ಕಟ್ಟಿಕೊಂಡವು. ಅವರು ಶುರು ಮಾಡಿದ್ದು ಯಾವುದರಿಂದ ಗೊತ್ತಾ? ಕೊಳೆತ ಸಾಮಾನು ಮಾರುವ ಅಂಗಡಿಗಳನ್ನು ತಾವೇ ಹೋಗಿ ತಪಾಸಣೆ ಮಾಡೋದರಿಂದ, ಬೀದಿ ಹೆಸರಿನ ಬೋರ್ಡು ಹಾಕಿಸೋದರಿಂದ. ಅಷ್ಟು ಸಣ್ಣದು. ಅದರಲ್ಲಿ ಗೆದ್ದು ಧೈರ್ಯ ಬಂದ ಮೇಲೆ ಮನೆ ಕಟ್ಟೋಕೆ ಕೈ ಹಾಕಿದರು. ಜಾಗ ನಗರಸಭೆಯಿಂದ, ಕಟ್ಟೋಕೆ ಬೇಕಾದ ಸಾಲ ಕ್ಯಾಥೊಲಿಕ್, ಲೂಥರನ್, ಎಪಿಸ್ಕೋಪಲ್ ಚರ್ಚುಗಳಿಂದ. ಒಂದೊಂದು ಮನೆಗೆ ನಗರದಿಂದ ಬಡ್ಡಿಯಿಲ್ಲದೆ 10,000 ಡಾಲರ್. 1982ರಲ್ಲಿ ಗುದ್ದಲಿ ಪೂಜೆ ಆಯಿತು, ಆಮೇಲೆ ಸಾವಿರಾರು ಮನೆ ಎದ್ದವು. ಬಾಡಿಗೆಗಲ್ಲ, ಬಸ್ ಓಡಿಸುವವರು, ಆಸ್ಪತ್ರೆಯಲ್ಲಿ ದುಡಿಯುವವರು ಕೊಂಡುಕೊಳ್ಳೋಕೆ. ಜೆರುಸಲೇಮಿನ ಬಿದ್ದ ಗೋಡೆ ಮತ್ತೆ ಕಟ್ಟಿಸಿದ ಬೈಬಲ್ಲಿನ ನೆಹೆಮೀಯನ ಹೆಸರನ್ನೇ ಆ ಮನೆಗಳಿಗೆ ಇಟ್ಟರು.

ನಮ್ಮಲ್ಲಿ ಇಂಥದ್ದು ಇಲ್ಲವೇ ಇಲ್ಲ ಅಂತ ನಾನು ಹೇಳಲಾರೆ. ಪಟ್ಟಣಕ್ಕೆ ಓದೋಕೆ ಬಂದ ಹಳ್ಳಿ ಹುಡುಗರಿಗೆ ಇರೋಕೆ ಜಾಗ ಇಲ್ಲದಿದ್ದಾಗ ಹಾಸ್ಟೆಲ್ ಕಟ್ಟಿಸಿದ್ದು ಯಾರು? ಮಠಗಳೇ. ನಮ್ಮ ತಂದೆ ಓದಿದ್ದೂ ಅಂಥ ಒಂದು ಹಾಸ್ಟೆಲಿನಲ್ಲೇ. ತುಮಕೂರಿನ ಸಿದ್ಧಗಂಗೆಯಲ್ಲಿ ಎಲ್ಲ ಜಾತಿ ಧರ್ಮದ ಮಕ್ಕಳೂ ಒಟ್ಟಿಗೆ ಉಂಡು ಓದುತ್ತಾರೆ. ಆದರೆ ಊರಲ್ಲಿ ಕಣ್ಣಾಡಿಸಿದರೆ ಒಂದೊಂದು ಜಾತಿಗೆ ಒಂದೊಂದು ಹಾಸ್ಟೆಲು, ಒಂದೊಂದು ಕಲ್ಯಾಣ ಮಂಟಪ, ಈಗೀಗ ಒಂದೊಂದು ಹೌಸಿಂಗ್ ಸೊಸೈಟಿ. ಮನೆ ಇಲ್ಲದವನಿಗೆ ಮನೆ ಸಿಕ್ಕಿತು, ಜೊತೆಗೆ ಕಾಂಪೌಂಡೂ ಎದ್ದಿತು. ಒಂದು ಕಡೆ ಹುಡುಗರು ಪಂಕ್ತಿಯಲ್ಲಿ ಕೂತು ಒಟ್ಟಿಗೆ ಉಣ್ಣೋದನ್ನು ಕಲಿಯುತ್ತಾರೆ, ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದ ಮೇಲೆ ಅದೇ ಪಂಕ್ತಿಯಲ್ಲಿ ಪಕ್ಕ ಕೂತಿದ್ದವನಿಗೆ ಬ್ರೋಕರು, "ಸಾರ್, ಓನರು ನಿಮ್ಮೋರಿಗೆ ಕೊಡಲ್ಲ" ಅಂತಾನೆ.

ಇನ್ನೊಂದು ಉಪಾಯ ಅಮೆರಿಕದಲ್ಲಿ ನೋಡಿದ್ದು. ಖರ್ಚಿಲ್ಲದ್ದು, ಯಾವ ಯುವಕ ಸಂಘವೂ ಮಾಡಬಹುದು. ಒಂದೇ ಮನೆಗೆ ಇಬ್ಬರನ್ನು ಕಳಿಸೋದು. ಇಬ್ಬರಿಗೂ ಒಂದೇ ಥರದ ಕೆಲಸ, ಒಂದೇ ಸಂಬಳ. ಒಬ್ಬ ಬಿಳಿಯ, ಒಬ್ಬ ಕಪ್ಪು. ಕಪ್ಪು ಹುಡುಗನಿಗೆ ಮನೆ ಹೋಯಿತು ಅಂತ ಹೇಳಿ, ಗಂಟೆ ಬಿಟ್ಟು ಬಂದ ಬಿಳಿ ಹುಡುಗನಿಗೆ ಬನ್ನಿ ಬನ್ನಿ ಅಂದರೆ ಸಿಕ್ಕಿಬಿದ್ದ ಹಾಗೆ. ಹೀಗೆ ಪರೀಕ್ಷೆಗೆ ಹೋದವರೂ ಕೇಸು ಹಾಕಬಹುದು ಅಂತ ಅಲ್ಲಿನ ಸುಪ್ರೀಂ ಕೋರ್ಟು 1982ರಲ್ಲಿ ಹೇಳಿದೆ. ನಮ್ಮಲ್ಲಿ ಕೇಸು ಹಾಕೋದು ಅಷ್ಟು ಸುಲಭವಲ್ಲ, ಸರಿ. ಆದರೆ ಒಂದು ಬಡಾವಣೆಯ ದೇವಸ್ಥಾನದ ಟ್ರಸ್ಟಿನವರು ತಮ್ಮ ಹುಡುಗರನ್ನೇ ಹೀಗೆ ಕಳಿಸಿ, ಬಂದ ಲೆಕ್ಕವನ್ನು, ಯಾರ ಹೆಸರೂ ಹಾಕದೆ, ದೇವಸ್ಥಾನದ ನೋಟೀಸ್ ಬೋರ್ಡಿಗೆ ಅಂಟಿಸಿದರೆ ಸಾಕು. ನಮ್ಮ ಬೀದಿಯಲ್ಲಿ ಹತ್ತು ಮನೆಗೆ ಹೋದೆವು, ಇಷ್ಟು ಮನೆಯಲ್ಲಿ ಹೀಗೆ ಹೇಳಿದರು ಅಂತ. ಪ್ರದಕ್ಷಿಣೆ ಹಾಕುವಾಗ ಎಲ್ಲರೂ ಓದುತ್ತಾರೆ.

ಇಷ್ಟೆಲ್ಲ ಆಗಿ ಮಿಲ್ವಾಕಿ ಸ್ವರ್ಗ ಆಗಿದೆಯಾ ಅಂದರೆ, ಇಲ್ಲ. ಕಪ್ಪು ಬಿಳಿ ಬೇರೆ ಬೇರೆ ಇರುವ ಅಮೆರಿಕದ ದೊಡ್ಡ ಊರುಗಳ ಪಟ್ಟಿ ಮಾಡಿದರೆ ಅದು ಇವತ್ತಿಗೂ ಮೇಲ್ಗಡೆಯೇ. 1968ರ ಕಾನೂನಿಗೆ ಸರಿಯಾದ ಹಲ್ಲು ಬಂದದ್ದೇ 1988ರ ತಿದ್ದುಪಡಿಯಲ್ಲಿ. ಅದೇ ವರ್ಷ ಅಲ್ಲಿನ ಚರ್ಚುಗಳು ಸೇರಿ ಮೈಕಾ ಅಂತ ಒಂದು ಒಕ್ಕೂಟ ಕಟ್ಟಿದವು. 2012ರಲ್ಲಿ ಒಂದು ದೊಡ್ಡ ಹೆದ್ದಾರಿ ಅಗಲ ಮಾಡೋಕೆ ಸರ್ಕಾರ ಹೊರಟಾಗ, ಕಾರಿಲ್ಲದವರ ಗತಿ ಏನು, ಉಪನಗರದ ಕೆಲಸಕ್ಕೆ ಬಡವರು ಹೋಗೋದು ಹೇಗೆ ಅಂತ ಇವರು, ಇನ್ನೊಂದು ಸಂಘದ ಜೊತೆ ಸೇರಿ, ಕೋರ್ಟಿಗೆ ಹೋದರು. 2014ರಲ್ಲಿ ರಾಜಿಯಾಗಿ ಬಸ್ ಸೌಕರ್ಯಕ್ಕೆ 1.35 ಕೋಟಿ ಡಾಲರ್ ಸಿಕ್ಕಿತು. ಲ್ಯಾಬಿನ ಆ ಸಹೋದ್ಯೋಗಿ ಮೈಕಾದ ಸಭೆಗಳಿಗೆ ನನ್ನನ್ನೂ ಕರೆಯುತ್ತಿದ್ದರು. ನಾನು ಹೋಗಲಿಲ್ಲ. ಭಾನುವಾರ ನಮಗೆ ಊರಾಚೆ ದೇವಸ್ಥಾನ, ಕಾರಿನಲ್ಲಿ ಹೋಗಿ ಪೂಜೆ ಮುಗಿಸಿ ಪುಳಿಯೋಗರೆ ತಿಂದು ಬರುತ್ತಿದ್ದೆವು. ಆ ದಾರಿಯಲ್ಲಿ ಒಂದು ಬಸ್ ಸ್ಟಾಪೂ ಇಲ್ಲ ಅನ್ನೋದು ಅಷ್ಟು ವರ್ಷದಲ್ಲಿ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಗ್ರಾಪಿ 1976ರಲ್ಲಿ ಪಾದ್ರಿ ಪಟ್ಟ ಬಿಟ್ಟು ಸಂಸಾರಿಯಾದರು. ಅದೇ ಊರಿನಲ್ಲಿ ಬಸ್ ಓಡಿಸುತ್ತಿದ್ದರು. 1985ರಲ್ಲಿ ತೀರಿಕೊಂಡರು. ಆ ಸೇತುವೆಗೆ ಈಗ ಅವರದೇ ಹೆಸರು.

ಇರಲಿ, ನಮ್ಮ ಬೀದಿಗೆ ಬರುತ್ತೇನೆ. ಮೇಲಿನ ಮನೆಯವರಿಗೆ ಟ್ರಾನ್ಸ್‌ಫರ್ ಆಗಿದೆ, ಬರುವ ತಿಂಗಳು ಮತ್ತೆ ಖಾಲಿ. ಬೋರ್ಡಿನಲ್ಲಿ ಫೋನ್ ನಂಬರ್ ನನ್ನದು ಮಾತ್ರ ಇರಲಿ ಅಂದೆ, ಅತ್ತಿಗೆ ಏನೂ ಅನ್ನಲಿಲ್ಲ, ಒಪ್ಪಿದ್ದಾರೆ ಅಂತಲೂ ಹೇಳೋಕಾಗಲ್ಲ. ಹೋದ ಶನಿವಾರ ಅವರ ಜೊತೆ ಭಜನಾ ಮಂಡಳಿಗೆ ಹೋಗಿದ್ದೆ. ಮಂಗಳಾರತಿ ಆದ ಮೇಲೆ ಕಾರ್ಯದರ್ಶಿಗಳ ಹತ್ತಿರ, ಬಾಡಿಗೆ ಮನೆ ವಿಷಯ ಐದು ನಿಮಿಷ ಮಾತಾಡೋಕೆ ಅವಕಾಶ ಕೊಡಿ ಅಂತ ಕೇಳಿದೆ. ಅವರಿಗೂ ಮೂರು ಬಾಡಿಗೆ ಮನೆ ಇದೆ. ಕೈಯಲ್ಲಿದ್ದ ತೀರ್ಥದ ಉದ್ಧರಣೆ ಕೆಳಗಿಟ್ಟು ನನ್ನನ್ನೇ ಒಂದು ಕ್ಷಣ ನೋಡಿದರು. ರಾಮನವಮಿ ಕಳೀಲಿ, ನೋಡೋಣ ಅಂದಿದ್ದಾರೆ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು,
ಮೈಸೂರು